ಪರೀಕ್ಷಾ ವರದಿಯಲ್ಲಿ ದೋಷವಿಲ್ಲ, ಆದರೂ ಹೊಟ್ಟೆನೋವು ಏಕೆ?

ಪ್ರಶ್ನೆ (ಒಬ್ಬ ತಾಯಿ): ನನ್ನ ಮಗಳಿಗೆ 14 ವರ್ಷ. ಕೆಲವು ತಿಂಗಳಿಂದ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ತಲೆನೋವು ಎನ್ನುತ್ತಾಳೆ. ರಜಾದಿನಗಳಲ್ಲಿ ಬಹುಮಟ್ಟಿಗೆ ಆರಾಮವಾಗಿರುತ್ತಾಳೆ. ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನಿಂಗ್‌ನಲ್ಲಾಗಲಿ ಏನೂ ಕಂಡುಬಂದಿಲ್ಲ. ಮನೆಯ ಹಿರಿಯರು ಇದನ್ನು ನಾಟಕವೆನ್ನುತ್ತಾರೆ. ಮನಸ್ಸಿನ ದುಗುಡ ಇಂಥ ನೋವನ್ನು ತರಬಲ್ಲದೇ?

ಉತ್ತರ (ಮಕ್ಕಳ ಮನೋವೈದ್ಯರು): ಖಂಡಿತ ತರಬಲ್ಲದು, ಮತ್ತು ಆ ನೋವು ನಾಟಕವಲ್ಲ. ಭಯ, ಅವಮಾನ ಅಥವಾ ಪರೀಕ್ಷೆಯ ಆತಂಕ ಎದುರಾದಾಗ ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ. ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಹೆಚ್ಚಿ ಎದೆಬಡಿತ ಏರುತ್ತದೆ, ಕತ್ತು ಮತ್ತು ಭುಜದ ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆಯ ಲಯ ತಪ್ಪುತ್ತದೆ. ಕರುಳಿಗೆ ತನ್ನದೇ ಆದ ದಟ್ಟ ನರಜಾಲವಿದ್ದು, ಅದು ವೇಗಸ್ ನರದ ಮೂಲಕ ಮೆದುಳಿನೊಡನೆ ಸದಾ ಸಂಪರ್ಕದಲ್ಲಿರುತ್ತದೆ. ಒತ್ತಡ ವಾರಗಟ್ಟಲೆ ಮುಂದುವರಿದರೆ ಈ ನರಗಳ ಸಂವೇದನೆ ಹೆಚ್ಚಿ, ಬೇರೆ ವೇಳೆಯಲ್ಲಿ ಗಮನಕ್ಕೇ ಬಾರದ ಕರುಳಿನ ಚಲನೆಯೂ ನೋವಾಗಿ ಕಾಡಬಹುದು. ಸ್ಕ್ಯಾನಿಂಗ್ ಅಂಗದ ರಚನೆಯನ್ನು ತೋರಿಸುತ್ತದೆಯೇ ಹೊರತು ಈ ಸಂವೇದನೆಯನ್ನಲ್ಲ.

‘ಎಲ್ಲ ರೋಗಗಳನ್ನೂ ತಳ್ಳಿಹಾಕಿದ ಮೇಲೆ ಮನಸ್ಸಿನ ವಿಚಾರ ನೋಡೋಣ’ ಎಂಬ ಕ್ರಮವನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಮನೋವೈದ್ಯಕೀಯ ಸಂಘ 2013ರಲ್ಲಿ ಹೊರತಂದ, ಮಾನಸಿಕ ತೊಂದರೆಗಳನ್ನು ಗುರುತಿಸುವ ಡಿಎಸ್‌ಎಂ-5 ಕೈಪಿಡಿಯು ‘ದೈಹಿಕ ಲಕ್ಷಣಗಳ ತೊಂದರೆ’ಯನ್ನು (ದೇಹದ ನೋವು ಮತ್ತು ಅದರ ಬಗೆಗಿನ ಅತಿಯಾದ ಚಿಂತೆ ಬದುಕನ್ನು ಕಾಡುವ ಸ್ಥಿತಿ) ಗುರುತಿಸಲು ‘ವೈದ್ಯಕೀಯ ಕಾರಣ ಸಿಗದಿರುವುದು’ ಅಗತ್ಯವೆಂಬ ನಿಯಮವನ್ನು ಕೈಬಿಟ್ಟಿತು. ಆಸ್ತಮಾ ಅಥವಾ ಮೈಗ್ರೇನ್ ಇರುವ ಮಗುವಿಗೂ ಆತಂಕವಿರಬಹುದಲ್ಲವೇ? ದೇಹ, ಮನಸ್ಸು ಎರಡನ್ನೂ ಮೊದಲಿನಿಂದಲೇ ಒಟ್ಟಿಗೆ ವಿಚಾರಿಸಬೇಕು. ಹಾಗೆಂದು ನಿದ್ದೆಯಿಂದ ಎಬ್ಬಿಸುವ ನೋವು, ತೂಕದ ಇಳಿಕೆ, ಮಲದಲ್ಲಿ ರಕ್ತ, ಬಿಡದ ಜ್ವರ, ಬೆಳಗಿನ ವಾಂತಿಯೊಡನೆ ಬರುವ ತಲೆನೋವು ಕಂಡರೆ, ಹಿಂದಿನ ವರದಿ ಹೇಗೇ ಇರಲಿ, ಮತ್ತೆ ವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ (ಒಬ್ಬ ಶಿಕ್ಷಕರು): ನಮ್ಮ ವಿದ್ಯಾರ್ಥಿಯೊಬ್ಬನಿಗೆ ಪರೀಕ್ಷೆಗೆ ಮುನ್ನ ಉಸಿರು ಕಟ್ಟಿದಂತಾಗಿ ಬೆರಳುಗಳು ಜೋಮು ಹಿಡಿಯುತ್ತವೆ. ಇದೂ ಅದೇ ಬಗೆಯದೇ?

ಉತ್ತರ: ಇರಬಹುದು. ಗಾಬರಿಯಲ್ಲಿ ಉಸಿರಾಟ ಅತಿಯಾದಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಇಳಿದು ಜೋಮು ಮತ್ತು ತಲೆಸುತ್ತು ಬರುತ್ತವೆ. ಪಕ್ಕದಲ್ಲಿ ಕುಳಿತು, ಉಸಿರನ್ನು ನಿಧಾನವಾಗಿ ಹೊರಬಿಡಲು ಹೇಳಿ. ಮೂಗು ಬಾಯಿಗೆ ಚೀಲ ಹಿಡಿಸಬೇಡಿ. ಆಸ್ತಮಾ ಮತ್ತು ಹೃದಯದ ತೊಂದರೆ ಇಲ್ಲವೆಂದು ಒಮ್ಮೆ ವೈದ್ಯರಿಂದ ಖಚಿತಪಡಿಸಿಕೊಳ್ಳಲಿ.

ಪ್ರಶ್ನೆ (ತಾಯಿ): ನೋವು ಪೂರ್ತಿ ಹೋಗುವವರೆಗೆ ಮಗಳನ್ನು ಮನೆಯಲ್ಲೇ ಇರಿಸಿಕೊಳ್ಳಲೇ?

ಉತ್ತರ: ಬೇಡ. ಮನೆಯಲ್ಲಿ ಉಳಿದಷ್ಟೂ ಶಾಲೆಯ ಭಯ ಬೆಳೆಯುತ್ತದೆ. ಮೊದಲು ಕೆಲವು ಗಂಟೆ, ಆಮೇಲೆ ಅರ್ಧ ದಿನ ಎಂಬಂತೆ ಶಾಲೆಯವರೊಡನೆ ಮಾತಾಡಿ ವ್ಯವಸ್ಥೆ ಮಾಡಿಕೊಳ್ಳಿ. ಆದರೆ ಅಲ್ಲಿ ಯಾರಾದರೂ ಅವಳನ್ನು ಪೀಡಿಸುತ್ತಿದ್ದರೆ ಅದನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಆದ್ದರಿಂದ ಬೆಳಿಗ್ಗೆ ‘ಇವತ್ತು ನೋವಿದೆಯಾ?’ ಎಂದು ಕೇಳುವುದನ್ನು ಬಿಟ್ಟು, ಗೆಳತಿಯರ ಬಗ್ಗೆ, ಕಷ್ಟವೆನಿಸುವ ಪಾಠದ ಬಗ್ಗೆ ಸಮಾಧಾನದ ಹೊತ್ತಿನಲ್ಲಿ ಕೇಳಿ. ಈ ವಯಸ್ಸಿಗೆ ಬೇಕಾದ 8ರಿಂದ 10 ಗಂಟೆಗಳ ನಿದ್ದೆ ಸಿಗುತ್ತಿದೆಯೇ ನೋಡಿ. ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಆಪ್ತಸಮಾಲೋಚನೆ ಇಂಥ ನೋವಿಗೆ ನೆರವಾಗುತ್ತದೆ. ಅವಳು ಎಲ್ಲರಿಂದಲೂ ದೂರ ಸರಿಯುತ್ತಿದ್ದರೆ, ಬದುಕು ಬೇಡವೆನಿಸಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.