ಟೌನ್‌ಲ್ಯಾಂಡ್, ಕಿಲ್, ಲಿಸ್: ಕನ್ನಡದಲ್ಲಿ ಏನೆನ್ನುವುದು?

ಪ್ರಶ್ನೆ: ಐರ್ಲೆಂಡಿನ ಕ್ಲೇರ್ ಕೌಂಟಿಯ ಜನಪದ ಕತೆಗಳ ಅನುವಾದದಲ್ಲಿ ಟೌನ್‌ಲ್ಯಾಂಡಿಗೆ 'ಗ್ರಾಮ', ಫೇರಿ ಫೋರ್ಟಿಗೆ 'ಕಿನ್ನರಿ ಕೋಟೆ' ಸರಿಯೇ? ಊರ ಹೆಸರಿನ 'ಕಿಲ್' ಅಂದರೆ ಯಾವಾಗಲೂ ಚರ್ಚೇ?

ಉತ್ತರ 1: 'ಗ್ರಾಮ' ಬೇಡ. ಟೌನ್‌ಲ್ಯಾಂಡ್ ಅನ್ನುವುದು ಮನೆಗಳ ಗುಂಪಲ್ಲ, ಎಲ್ಲೆ ಕಟ್ಟಿದ ನೆಲ. ಇಡೀ ಐರ್ಲೆಂಡಿನಲ್ಲಿ ಇಂಥವು 60,000ಕ್ಕೂ ಹೆಚ್ಚಿವೆ. ಕೆಲವದರಲ್ಲಿ ಒಂದು ಮನೆಯೂ ಇಲ್ಲ. 'ಮಜರೆ' ಅಂದರೂ ಮನೆಗಳೇ ಕಣ್ಣಿಗೆ ಬರುತ್ತವೆ. 'ಬೇಚರಾಕ್' (ಜನವಸತಿಯಿಲ್ಲದ ಗ್ರಾಮಕ್ಕೆ ಕಂದಾಯ ದಾಖಲೆಯ ಹೆಸರು) ಹತ್ತಿರದ ಮಾತು, ಆದರೆ ಕತೆಯೊಳಗೆ ತಾಲ್ಲೂಕು ಕಚೇರಿ ನುಗ್ಗಿದಂತಾಗುತ್ತದೆ. ಮೊದಲ ಸಲ 'ಟೌನ್‌ಲ್ಯಾಂಡ್' ಎಂದೇ ಬರೆದು, ಆಮೇಲೆ 'ಊರೆಲ್ಲೆ' ಅನ್ನಿ.

'ಕಿಲ್' ವಿಷಯದಲ್ಲಿ ಇಂಗ್ಲಿಷ್ ಕಾಗುಣಿತ ನಂಬಬೇಡಿ. ಚರ್ಚು ಮತ್ತು ಕಾಡು, ಎರಡರ ಐರಿಶ್ ಪದಗಳೂ ಇಂಗ್ಲಿಷ್ ನಕ್ಷೆಗಳಲ್ಲಿ 'ಕಿಲ್' ಆಗಿ ಕೂತಿವೆ. ಐರಿಶ್ ರೂಪ ಹುಡುಕಿ: ಸಿ ಅಕ್ಷರದ ಬೆನ್ನಿಗೆ ಐ ಇದ್ದರೆ (cill) ಚರ್ಚು, ಓ ಇದ್ದರೆ (coill) ಕಾಡು. ನಡುವೆ ಹೆಚ್ ಸೇರಿದ್ದರೆ ಅದನ್ನು ಬಿಟ್ಟು ಓದಿ. ಕಿಲ್ಡೇರ್ ಓಕ್ ಮರದ ಚರ್ಚು. ವಾಟರ್‌ಫರ್ಡಿನ ಕಿಲ್‌ಮ್ಯಾಕ್‌ಥಾಮಸ್‌ನಲ್ಲಿರುವುದು ಕಾಡು. 'ಬ್ಯಾಲಿ'ಯದೂ ಇದೇ ಪಾಡು: ಬಹಳ ಕಡೆ 'ಊರು', ಮೇಯೋದ ಬ್ಯಾಲಿನಾದಲ್ಲಿ ಹೊಳೆ ದಾಟುವ ಜಾಗದ ಬಾಯಿ. ಐರಿಶ್ ರೂಪ ಸಿಗದಿದ್ದರೆ ಹೆಸರನ್ನು ಅನುವಾದಿಸಲೇಬೇಡಿ.

ಉತ್ತರ 2: 'ಕಿನ್ನರಿ ಕೋಟೆ'ಯಲ್ಲಿ ಎರಡೂ ಪದ ದಾರಿ ತಪ್ಪಿಸುತ್ತವೆ. ಊರ ಹೆಸರುಗಳಲ್ಲಿ 'ಲಿಸ್' ಎಂದು ಬರುವುದು ಈ ಫೇರಿ ಫೋರ್ಟೇ. ಮೊದಲ ಸಹಸ್ರಮಾನದ ಉತ್ತರಾರ್ಧದ ರೈತಮನೆಗಳವು: ಸುಮಾರು 20ರಿಂದ 40 ಮೀಟರ್ ಅಗಲದ ದುಂಡು ಅಂಗಳ, ಸುತ್ತ ಮಣ್ಣಿನ ಏರಿ, ಏರಿಯ ಹೊರಗೆ ಕಂದಕ. 'ಸುತ್ತೇರಿ' ಎಂದರೆ ಆಕಾರ ಕಣ್ಣಿಗೆ ಕಟ್ಟುತ್ತದೆ. ಈಗ ಹೊಲದ ನಡುವೆ ಮುಳ್ಳುಪೊದೆ ಬೆಳೆದ ದುಂಡು ದಿಬ್ಬವಾಗಿ ಕಾಣುತ್ತದೆ; ಅದನ್ನು ಉಳುವುದಕ್ಕೆ ಜನ ಹಿಂದೇಟು ಹಾಕುತ್ತಿದ್ದರು.

ಅಲ್ಲಿರುವ ಫೇರಿಗಳು ರೆಕ್ಕೆಯ ಪುಟಾಣಿಗಳೂ ಅಲ್ಲ. ಕತೆಗಳಲ್ಲಿ ಹೆಚ್ಚಾಗಿ ಆಳೆತ್ತರದವರು, ಮುನಿದರೆ ದನ, ಬೆಣ್ಣೆ, ಮಗು ಹೊತ್ತೊಯ್ಯುವವರು. ಹೆಸರೆತ್ತದೆ 'ಒಳ್ಳೆಯ ಜನ' ಅನ್ನುತ್ತಾರೆ, ನಮ್ಮಲ್ಲಿ ರಾತ್ರಿ ಹೊತ್ತು ಹಾವಿಗೆ 'ಹುಳ' ಅನ್ನುವ ಹಾಗೆ. ಅದನ್ನೇ ಉಳಿಸಿಕೊಳ್ಳಿ.

ಈ ಕತೆಗಳಲ್ಲಿ 'ಒಳ್ಳೆಯ ಜನ'ರದೆಂದು ಬರುವ ಹಾಥಾರ್ನ್ ಮರವನ್ನು 'ಜಾಲಿ' ಮಾಡಬೇಡಿ. ಅದು ಮೇ ಹೊತ್ತಿಗೆ ಬಿಳಿ ಹೂ ಬಿಡುವ, ಗುಲಾಬಿ ಕುಟುಂಬದ ಮುಳ್ಳುಮರ. ಕ್ಲೇರಿನ ಲಟೂನ್‌ನಲ್ಲಿ ಒಂಟಿಯಾಗಿ ನಿಂತಿದ್ದ ಇಂಥದೊಂದನ್ನು ಉಳಿಸಬೇಕೆಂದು 1999ರಲ್ಲಿ ಕತೆಗಾರ ಎಡ್ಡಿ ಲೆನಿಹನ್ ಹಟ ಹಿಡಿದರು. ಹೆದ್ದಾರಿ ಕೆಲಸದಲ್ಲಿ ಮರವನ್ನು ಕಡಿಯದೆ ಬಿಟ್ಟರು. 'ಒಂಟಿ ಹಾಥಾರ್ನ್' ಸಾಕು. 'ಒಂಟಿ' ಮಾತ್ರ ಬಿಡಬೇಡಿ: ಬೇಲಿಸಾಲಿನಲ್ಲಿ ನೆಟ್ಟ ಹಾಥಾರ್ನ್‌ಗೆ ಯಾರೂ ಹೆದರುವುದಿಲ್ಲ.