ಬರುವುದಿಲ್ಲ ಅನ್ನಲು ‘ಡಿನೈ’ ಸರಿಯಾ?

ಪ್ರಶ್ನೆ (ಕುಂಬಳೆ, ಕೇರಳದ ಕಾಸರಗೋಡು ಜಿಲ್ಲೆ): ಮಾಷ್ಟ್ರೇ, ನಮಸ್ಕಾರ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವನು ನಾನು. ಈಗ ಮಂಗಳೂರಲ್ಲಿ ಆಫೀಸ್ ಕೆಲಸ. ಭಾನುವಾರ ಟ್ರೈನಿಂಗ್ ಅಂತ ಮೇಲ್ ಬಂತು. ಅವತ್ತು ಅಕ್ಕನ ಮನೆಯೊಕ್ಕಲು. ‘ಐ ಡಿನೈ ಟು ಕಮ್’ ಅಂತ ಬರೆದು ಪಕ್ಕದ ಸೀಟಿನವರಿಗೆ ತೋರಿಸಿದೆ. ನಕ್ಕುಬಿಟ್ಟರು. ಡಿನೈ, ರೆಫ್ಯೂಸ್, ರಿಜೆಕ್ಟ್, ಡಿಕ್ಲೈನ್ ಎಲ್ಲಕ್ಕೂ ಡಿಕ್ಷನರಿಯಲ್ಲಿ ‘ನಿರಾಕರಿಸು’ ಅಂತಲೇ ಇದೆ ಅಲ್ವಾ?

ಉತ್ತರ: ಆ ‘ನಿರಾಕರಿಸು’ವನ್ನು ಸ್ವಲ್ಪ ಹೊತ್ತು ಬದಿಗಿಡಿ ಮಾರಾಯ್ರೇ. ನೀವು ಬಸ್ಸಲ್ಲಿ ಕೇಳುವ ಮಲಯಾಳ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ‘ಮಂತ್ರಿ ಆರೋಪಣಂ ನಿಷೇಧಿಚ್ಚು’ ಅಂತ ವಾರ್ತೆಯಲ್ಲಿ ಬಂದರೆ, ಕನ್ನಡದ ಕಿವಿಗೆ ಮಂತ್ರಿ ಆರೋಪವನ್ನೇ ಬ್ಯಾನ್ ಮಾಡಿದ ಹಾಗೆ ಕೇಳಿಸುತ್ತದೆ. ಅಲ್ಲಿ ಅದು ಡಿನೈ. ‘ವರಾನ್ ವಿಸಮ್ಮತಿಚ್ಚು’ ಅಂದರೆ ಬರಲು ಒಪ್ಪಲಿಲ್ಲ, ಅದು ರೆಫ್ಯೂಸ್. ‘ಅಪೇಕ್ಷ ನಿರಸಿಚ್ಚು’ ಅಂದರೆ ಅರ್ಜಿ ರಿಜೆಕ್ಟ್. ನಾವು ಒಂದೇ ಪದದಲ್ಲಿ ಮುಗಿಸುವುದನ್ನು ಅವರು ಮೂರು ಮಾಡಿಟ್ಟಿದ್ದಾರೆ.

ತೋಟಕ್ಕೆ ಬನ್ನಿ. ಕೆಲಸದವನು ‘ಇವತ್ತು ಮರ ಹತ್ತುವುದಿಲ್ಲ’ ಅಂದರೆ ‘ಹಿ ರೆಫ್ಯೂಸ್ಡ್ ಟು ಕ್ಲೈಂಬ್’. ‘ಬಿದ್ದ ಅಡಿಕೆ ಹೆಕ್ಕಿದ್ದು ನಾನಲ್ಲ’ ಅಂದರೆ ‘ಹಿ ಡಿನೈಡ್ ಟೇಕಿಂಗ್ ಇಟ್’. ರೆಫ್ಯೂಸ್ ಆದ ಮೇಲೆ ‘ಟು’ ಬರುತ್ತದೆ, ಡಿನೈ ಆದ ಮೇಲೆ ‘ಇಂಗ್’. ರಿಜೆಕ್ಟ್‌ಗೆ ಎರಡೂ ಬೇಡ, ಯಾವುದನ್ನು ಅಂತ ಹೇಳಿದರೆ ಸಾಕು.

ಡಿಕ್ಲೈನ್ ಅಂದರೆ ಮರ್ಯಾದೆಯ ‘ಬೇಡ’. ಮದುವೆ ಊಟದಲ್ಲಿ ಪಾಯಸದ ಬಕೆಟ್ ಹತ್ತಿರ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಅಂತೀರಲ್ಲ, ಅದು.

ನಿಮ್ಮ ಮೇಲ್‌ನಲ್ಲಿ ‘ರೆಫ್ಯೂಸ್’ ಹಾಕಿದರೆ ವ್ಯಾಕರಣ ಸರಿ, ಆದರೆ ಜಗಳಕ್ಕೆ ನಿಂತ ಹಾಗೆ. ಸುಮ್ನೆ ‘ಸಾರಿ, ಐ ವೋಂಟ್ ಬಿ ಏಬಲ್ ಟು ಕಮ್’ ಅಂತ ಬರೆದು ಕಾರಣ ಹೇಳಿ.

ಇನ್ನೊಬ್ಬರು (ಬದಿಯಡ್ಕ): ಅವಾಯ್ಡ್, ಇವೇಡ್ ಎರಡೂ ‘ತಪ್ಪಿಸು’ ಅಲ್ವಾ ಮಾಷ್ಟ್ರೇ? ನನ್ನದು ಅಂಗಡಿ, ಟ್ಯಾಕ್ಸ್ ವಿಷಯದಲ್ಲಿ ಎರಡೂ ಕೇಳಿದ್ದೇನೆ.

ಉತ್ತರ: ಸಾಲ ಕೊಟ್ಟವರು ಪೇಟೆಯಲ್ಲಿ ಕಂಡಾಗ ಬೇರೆ ದಾರಿ ಹಿಡಿದರೆ ಅವಾಯ್ಡ್. ಎದುರೇ ಸಿಕ್ಕಿ ‘ದುಡ್ಡು ಯಾವಾಗ?’ ಅಂದಾಗ ಮಳೆಯ ಸುದ್ದಿ ತೆಗೆದರೆ ಇವೇಡ್. ಇವೇಡ್‌ನಲ್ಲಿ ಕಳ್ಳಾಟದ ವಾಸನೆ ಇದೆ. ಕಾನೂನಿನ ಒಳಗೇ ಇದ್ದು ಟ್ಯಾಕ್ಸ್ ಕಡಿಮೆ ಮಾಡಿಕೊಂಡರೆ ಅವಾಯ್ಡ್. ವ್ಯಾಪಾರವನ್ನೇ ಲೆಕ್ಕದಲ್ಲಿ ತೋರಿಸದಿದ್ದರೆ ಇವೇಡ್, ಅದು ಅಪರಾಧ. ಹಾಂ, ‘ಅವಾಯ್ಡ್ ಟು ಗೋ’ ಅನ್ನಬೇಡಿ. ‘ಅವಾಯ್ಡ್ ಗೋಯಿಂಗ್’.

ಕುಂಬಳೆ: ಮಾಷ್ಟ್ರೇ, ನೀವು ಹೇಳಿದ ಹಾಗೇ ಕಳಿಸಿದೆ. ‘ಲೀವ್ ಡಿನೈಡ್’ ಅಂತ ಉತ್ತರ ಬಂತು. ಅವರು ಬರೆದದ್ದು ತಪ್ಪಲ್ವಾ?

ಉತ್ತರ: ಇಲ್ಲ ಮಾರಾಯ್ರೇ, ಅದು ಸರಿಯೇ ಇದೆ. ಕೇಳಿದ್ದನ್ನು ಕೊಡದಿದ್ದರೂ ಡಿನೈ ಅನ್ನಬಹುದು. ಅಕ್ಕನಿಗೆ ಒಂದು ಫೋನ್ ಮಾಡಿಬಿಡಿ.