ಬ್ಯಾಂಡಿಟ್ ಆಟದಲ್ಲಿ ಒಂದನೇ ಲೆವೆಲ್‌ಗೇ ತಗಲಾಕ್ಕೊಂಡಿದೀನಿ, ಕೋರ್ಸ್ ಸೇರ್ಬೇಕಾ?

ಮಂಡ್ಯದ_ಹೈದ:
ಎಲ್ರಿಗೂ ನಮಸ್ಕಾರ, ಮಂಡ್ಯದಲ್ಲಿ ಬಿಸಿಎ ಕೊನೇ ವರ್ಷ ಓದ್ತಿದೀನಿ. ಸೆಕ್ಯುರಿಟಿ ಕಲೀಬೇಕು ಅಂತ ಆಸೆ, ಮೈಸೂರಲ್ಲಿ ಒಂದ್ ಕಡೆ ವಿಚಾರ್ಸಿದ್ರೆ ಮೂರು ತಿಂಗಳಿಗೆ 40 ಸಾವಿರ ಅಂದ್ರು, ಮನೇಲಿ ಬಾಯ್ಬಿಟ್ರೆ ಅಪ್ಪ ಕಬ್ಬಿನ್ ದುಡ್ಡೇ ಇನ್ನೂ ಕೈಗೆ ಬಂದಿಲ್ಲ ಕಣ್ಲಾ ಅಂದ್ಬುಟ್ರು. ಅದ್ಕೇ ಓವರ್‌ದವೈರ್‌ನವರ ಬ್ಯಾಂಡಿಟ್ ಶುರು ಮಾಡ್ದೆ, ಒಂದೊಂದ್ ಲೆವೆಲ್ಲಲ್ಲೂ ಕಮಾಂಡ್ ಹೊಡ್ದು ಮುಂದಿನ ಲೆವೆಲ್ಲಿನ ಪಾಸ್‌ವರ್ಡ್ ಹುಡುಕೋ ಆಟ, ಫ್ರೀ ಅಲ್ವಾ. ದೂರದ ಸರ್ವರ್‌ಗೆ ಲಾಗಿನ್ ಆಗೋ ಎಸ್‌ಎಸ್‌ಎಚ್‌ಲಿ ಪಾಸ್‌ವರ್ಡ್ ಹೊಡುದ್ರೆ ಸ್ಕ್ರೀನ್ ಮೇಲೆ ಒಂದು ಚುಕ್ಕೇನೂ ಬರಲ್ಲ, ಕೀಬೋರ್ಡೇ ಕೆಟ್ಟೋಯ್ತು ಅಂತ ಅರ್ಧ ಗಂಟೆ ಒದ್ದಾಡಿದೀನಿ, ನಗ್ಬೇಡಿ. ಈಗ ಬರೀ ಹೈಫನ್ ಅಂತ ಹೆಸ್ರಿರೋ ಫೈಲ್ ಓದ್ಬೇಕು. ಫೈಲ್ ಒಳಗಿರೋದನ್ನ ತೋರ್ಸೋ ಕ್ಯಾಟ್ ಕಮಾಂಡಲ್ಲಿ ಕ್ಯಾಟ್ ಹೈಫನ್ ಅಂತ ಕೊಟ್ರೆ ಕರ್ಸರ್ ಮಿಣಮಿಣ ಅಂತ ಕೂತಿರುತ್ತೆ, ನಾನೇನ್ ಟೈಪ್ ಮಾಡ್ತೀನೋ ಅದನ್ನೇ ವಾಪಸ್ ಒದರುತ್ತೆ. ಯೂಟ್ಯೂಬ್‌ನಲ್ಲಿ ಉತ್ತರ ಇದೆ, ನೋಡ್ಲಾ ಬೇಡ್ವಾ?

ಕುಕ್ಕರಹಳ್ಳಿ_ವಾಕರ್:
ನೋಡ್ಬೇಡಿ. ಕ್ಯಾಟ್‌ಗೆ ಹೈಫನ್ ಅಂದ್ರೆ ಫೈಲ್ ಹೆಸ್ರಲ್ಲ, "ಕೀಬೋರ್ಡಿಂದ ಓದ್ಕೋ" ಅಂತ ಅರ್ಥ, ಪಾಪ ಅದು ನಿಮ್ಮನ್ನೇ ಕಾಯ್ತಾ ಕೂತಿದೆ. ಕಂಟ್ರೋಲ್ ಸಿ ಹೊಡ್ದು ಹೊರಗ್ಬನ್ನಿ, ಆಮೇಲೆ ಆ ಫೈಲನ್ನ ಹೈಫನ್ನಿಂದ ಶುರುವಾಗ್ದೇ ಇರೋ ಥರ ಹೆಂಗೆ ಕರೀಬೋದು ಯೋಚ್ನೆ ಮಾಡಿ, ಫೈಲ್ ಎಲ್ಲಿದೆ ಅನ್ನೋ ಪಾತ್ ಸೇರ್ಸಿದ್ರೆ? ಇಷ್ಟೇ ಹೇಳೋದು. ನಾನು ಇಲ್ಲಿ ಸರ್ವರ್ ನೋಡ್ಕೊಳೋ ಕೆಲ್ಸದಲ್ಲಿದೀನಿ, ಲೆವೆಲ್ 6ರಲ್ಲಿ ಕಲ್ತಿದ್ದು ಇವತ್ತಿಗೂ ದಿನಾ ಬೇಕು. ಅಲ್ಲಿ 33 ಬೈಟಿನ ಫೈಲೊಂದನ್ನ ಇಡೀ ಸರ್ವರ್‌ನಲ್ಲಿ ಹುಡುಕ್ಬೇಕು, ಹುಡುಕೋ ಕಮಾಂಡ್ ಫೈಂಡ್ ಕೊಟ್ರೆ ಪರ್ಮಿಷನ್ ಡಿನೈಡ್ ಅಂತ ಸಾಲುಗಟ್ಲೆ ಸುರಿಯುತ್ತೆ, ಬೇಕಾಗಿರೋ ಒಂದು ಸಾಲು ಅದರೊಳ್ಗೇ ಮುಚ್ಚೋಗಿರುತ್ತೆ. ಕೊನೇಲಿ 2>/ಡೆವ್/ನಲ್ ಹಾಕಿ ಎರರ್‌ಗಳನ್ನೆಲ್ಲ ಮೋರಿಗೆ ತಳ್ಳಿದ್ ಕೂಡ್ಲೇ ಒಂದೇ ಒಂದು ಸಾಲು ಉಳಿಯುತ್ತಲ್ಲ, ಆ ಖುಷಿ ವಿಡಿಯೋ ನೋಡಿದ್ರೆ ಸಿಗಲ್ಲ. ಕೋರ್ಸ್ ಈಗ್ಲೇ ಬೇಡ. ಬ್ಯಾಂಡಿಟ್ ಮುಗ್ಸಿ, ವೆಬ್ ಕಡೆಗೆ ಅವರದ್ದೇ ನಾಟಾಸ್ ಇದೆ, ಕಾರ್ನೆಗಿ ಮೆಲನ್ ಯೂನಿವರ್ಸಿಟಿಯವರ ಪಿಕೋಸಿಟಿಎಫ್ ಅನ್ನೋ ಸೆಕ್ಯುರಿಟಿ ಆಟ ಇದೆ, ಅದೂ ಫ್ರೀ.

ಬೆಲ್ಲದಚ್ಚು:
ಒಂದ್ ಮಾತು ಕಣಪ್ಪ, ನಮ್ ಹುಡ್ಗ ಒಬ್ಬ ನಾಲ್ಕು ಲೆವೆಲ್ ದಾಟ್ತಿದ್ದಂಗೇ ಕಾಲೇಜಿನ ಮಾರ್ಕ್ಸ್ ಪೋರ್ಟಲ್ ಮೇಲೆ ಕೈಯಾಡಿಸಕ್ಕೆ ಹೋಗಿ ಪ್ರಿನ್ಸಿಪಾಲ್ ರೂಮ್ ಮುಂದೆ ನಿಂತಿದ್ದ. ಆಟದ ಸರ್ವರ್ ಇರೋದೇ ಹೊಡ್ಯಕ್ಕೆ, ಬೇರೇರ್ದು ಅಲ್ಲ. ಐಟಿ ಕಾಯ್ದೆ 66ನೇ ಸೆಕ್ಷನ್ನಲ್ಲಿ 3 ವರ್ಷದ ಗಂಟ ಜೈಲು, 5 ಲಕ್ಷದ ಗಂಟ ದಂಡ ಅದೆ, ತಮಾಸೆ ಅಲ್ಲ ಅದು. ಇನ್ನೊಂದು, ಸಿಕ್ಕಿದ್ ಪಾಸ್‌ವರ್ಡೆಲ್ಲ ಒಂದು ನೋಟ್‌ಪ್ಯಾಡಲ್ಲಿ ಇಟ್ಕೊ, ಆಟ ಅದನ್ನ ನೆನಪಿಟ್ಕಳಕ್ಕಿಲ್ಲ, ನಾನು ಹನ್ನೆರಡನೇ ಲೆವೆಲ್ಲಲ್ಲಿ ಕರೆಂಟ್ ಹೋಗಿ ಮೊದ್ಲಿಂದ ಬಂದೋನು.

ಮಂಡ್ಯದ_ಹೈದ:
ಡಾಟ್ ಸ್ಲ್ಯಾಶ್ ಹೈಫನ್, ಅಂದ್ರೆ ಇದೇ ಫೋಲ್ಡರ್‌ನಲ್ಲಿರೋ ಹೈಫನ್! ಬಂತು ಬಂತು!! ರಾತ್ರಿ ಒಂದೂವರೆವರ್ಗೂ ಕೂತು ಲೆವೆಲ್ 8ಕ್ಕೆ ಬಂದೆ, ಈಗ ಒಂದೇ ಸಲ ಬಂದಿರೋ ಸಾಲು ಹುಡುಕ್ಬೇಕಂತೆ, ಅದಕ್ಕಿರೋ ಕಮಾಂಡ್ ಯೂನಿಕ್ ಹೈಫನ್ ಯು ಹಾಕ್ದೆ, ಫೈಲಲ್ಲಿರೋದೆಲ್ಲ ಹೆಚ್ಚೂಕಮ್ಮಿ ಹಂಗಂಗೇ ಬಂತು. ಯಾಕೆ?

ಕುಕ್ಕರಹಳ್ಳಿ_ವಾಕರ್:
ಯೂನಿಕ್‌ಗೆ ಪಕ್ಕದ್ಮನೆ ಬಿಟ್ರೆ ಬೇರೆ ಕಾಣಲ್ಲ, ಒಂದೇ ಥರದ ಸಾಲು ಒಂದರ ಪಕ್ಕ ಒಂದು ಇದ್ರೆ ಮಾತ್ರ ಗುರುತು ಹಿಡಿಯುತ್ತೆ. ಮೊದ್ಲು ಅವನ್ನ ಅಕ್ಕಪಕ್ಕ ಕೂರ್ಸೋ ಕಮಾಂಡ್ ಯಾವ್ದು?